ಎಂಜಿನ್ ಮುಟ್ಟದೆ ಆಟೋಕ್ರಾಸ್: ಹಳೇ ಮಿಯಾಟಾ ಜೊತೆ ಹಲವು ಸೀಸನ್

ಕಾರು: ಮಜ್ದಾ ಎಂಎಕ್ಸ್-5 ಮಿಯಾಟಾ, 1992ರ ಮಾಡೆಲ್, ಬಟ್ಟೆ ಟಾಪ್ ತೆರೆಯಬಹುದಾದ ಎರಡು ಸೀಟಿನ ಕಾರು, 1.6 ಲೀಟರ್ ಎಂಜಿನ್, ಐದು ಗೇರ್. ವಾರವೆಲ್ಲ ಆಫೀಸಿಗೆ, ರಜೆ ಬಂದರೆ ಕೋನ್‌ಗಳ ನಡುವೆ.

ಮೊದಲೇ ಹೇಳಿಬಿಡುತ್ತೇನೆ. ಈ ಕಾರಿನ ಎಂಜಿನ್ ಶಕ್ತಿ ಹೆಚ್ಚಿಸೋಕೆ ನಾನು ಬಿಡಿಗಾಸೂ ಹಾಕಿಲ್ಲ. ಹಾಕುವ ಯೋಚನೆಯೂ ಇಲ್ಲ. ಇರುವ ದುಡ್ಡೆಲ್ಲ ಟೈರು, ಅಲೈನ್‌ಮೆಂಟ್, ಶಾಕ್ ಅಬ್ಸಾರ್ಬರ್, ಹಳೇ ರಬ್ಬರ್ ಬುಷ್‌ಗಳಿಗೆ ಹೋಗಿದೆ. ಉಳಿದದ್ದು ಎಂಟ್ರಿ ಫೀಸ್‌ಗೆ. ಕಡಿಮೆ ಖರ್ಚಿನಲ್ಲಿ ಆಟೋಕ್ರಾಸ್ ಆಡಬೇಕು ಅನ್ನೋರಿಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಕಂಡಿಲ್ಲ.

ಯಾಕೆ ಅಂತ ಹೇಳೋಕೆ ಆಟ ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು. ಸಮತಟ್ಟಾದ ದೊಡ್ಡ ಜಾಗದಲ್ಲಿ ಕೋನ್ ಇಟ್ಟು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ಜೊತೆ ಪೈಪೋಟಿ. ಒಂದು ರನ್ ಹೆಚ್ಚುಕಮ್ಮಿ ಒಂದು ನಿಮಿಷ. ಕೋನ್ ಬೀಳಿಸಿದರೆ ಸಾಮಾನ್ಯವಾಗಿ 2 ಸೆಕೆಂಡ್ ದಂಡ. ಗೇಟ್, ಅಂದರೆ ಹಾದುಹೋಗಲೇಬೇಕಾದ ಕೋನ್‌ಗಳ ನಡುವಿನ ಜಾಗ, ತಪ್ಪಿಸಿದರೆ ಆ ರನ್ ಲೆಕ್ಕಕ್ಕೇ ಇಲ್ಲ. ಗೆಲುವು ಸೋಲು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತೀರ್ಮಾನವಾಗುವಾಗ 2 ಸೆಕೆಂಡ್ ಅಂದರೆ ಕಥೆ ಮುಗಿದ ಹಾಗೆ. ಉದ್ದದ ನೇರ ದಾರಿ ಇರೋದೇ ಕಮ್ಮಿ. ಹಾಗಾಗಿ ಎಂಜಿನ್ ಎಷ್ಟು ಜೋರು ಅನ್ನೋದಕ್ಕಿಂತ ಕಾರು ಎಷ್ಟು ಹಗುರ, ಎಷ್ಟು ಬೇಗ ದಿಕ್ಕು ಬದಲಿಸುತ್ತೆ ಅನ್ನೋದೇ ಮುಖ್ಯ.

ಮಿಯಾಟಾ ಗೆಲ್ಲೋದು ಅಲ್ಲೇ. ಮೊದಲ ತಲೆಮಾರಿನ ಕಾರಿನ ತೂಕ ಒಂದು ಟನ್‌ಗಿಂತ ಕಮ್ಮಿ. ಆ ತೂಕ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋಗಿದೆ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಮೇಲೊಂದು ಕೆಳಗೊಂದು ಆರ್ಮ್ ಚಕ್ರವನ್ನ ಹಿಡಿದಿರುತ್ತೆ), ಎಳೆಯೋದು ಹಿಂದಿನ ಚಕ್ರ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಎರಡು ಹಿಂದಿನ ಚಕ್ರಕ್ಕೂ ಶಕ್ತಿ ಹಂಚೋ ಭಾಗ) ಎರಡನ್ನೂ ಒಂದು ಉದ್ದನೆಯ ಚೌಕಟ್ಟು ಬಿಗಿಯಾಗಿ ಹಿಡಿದಿರುತ್ತೆ. ಅದರಿಂದ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಹಿಂದುಗಡೆ ತಡವರಿಕೆ ಇರೋದಿಲ್ಲ. ಶಕ್ತಿ ಸುಮಾರು 115 ಅಶ್ವಶಕ್ತಿ ಅಷ್ಟೇ. ಹೈವೇಯಲ್ಲಿ ಯಾವ ಫ್ಯಾಮಿಲಿ ಕಾರು ಬೇಕಾದರೂ ಇದನ್ನ ಹಿಂದೆ ಹಾಕಿಬಿಡಬಹುದು. ಆದರೆ 7,200 ಆರ್‌ಪಿಎಂ ತನಕ ತಿರುಗೋ ಎಂಜಿನ್ನು, ಎರಡನೇ ಗೇರ್‌ನಲ್ಲೇ ಗಂಟೆಗೆ ಸುಮಾರು 95 ಕಿ.ಮೀ. ವೇಗದ ತನಕ ಹೋಗುತ್ತೆ. ಬಹುತೇಕ ಕೋರ್ಸ್‌ಗಳಲ್ಲಿ ಗೇರ್ ಲಿವರ್ ಮುಟ್ಟೋ ಕೆಲಸವೇ ಬರೋದಿಲ್ಲ. ಆ ಕೈ ಸ್ಟೀರಿಂಗ್ ಮೇಲೇ ಇರುತ್ತೆ.

ಇನ್ನೊಂದು ಕಾರಣ, ಬಿಡಿಭಾಗ. 1989ರ ಫೆಬ್ರವರಿಯಲ್ಲಿ ಚಿಕಾಗೊ ಆಟೋ ಶೋನಲ್ಲಿ ಮೊದಲ ಸಲ ಕಾಣಿಸಿಕೊಂಡ ಈ ಮಾಡೆಲ್, 1997ರೊಳಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಎಲ್ಲ ತಲೆಮಾರು ಸೇರಿ 2016ರಲ್ಲಿ ಹತ್ತು ಲಕ್ಷ ದಾಟಿತು. ಇಷ್ಟು ಕಾರು ಇರೋದರಿಂದ ಹೊಸದಾಗಲಿ ಗುಜರಿಯದಾಗಲಿ, ಯಾವ ಭಾಗಕ್ಕೂ ನಾನು ಪರದಾಡಿಲ್ಲ.

ಈಗ ಕೊಳ್ಳೋ ವಿಷಯ. ಕಾರು ನೋಡೋಕೆ ಮುಂಚೆ ನಿಮ್ಮ ಕ್ಲಬ್‌ನ ರೂಲ್‌ಬುಕ್ ಓದಿ. ನಿಜವಾಗಿ ಹೇಳ್ತೀನಿ, ಇದು ಕಾರಿಗಿಂತ ಮುಖ್ಯ. ಕ್ಲಾಸ್, ಅಂದರೆ ನೀವು ಯಾವ ಗುಂಪಿನ ಕಾರುಗಳ ಜೊತೆ ಸ್ಪರ್ಧಿಸಬೇಕು ಅನ್ನೋದು, ನಿರ್ಧಾರ ಆಗೋದು ಕಾರಿನ ಮಾಡೆಲ್ ಜೊತೆಗೆ ಅದಕ್ಕೆ ಏನೇನು ಬದಲಾವಣೆ ಮಾಡಿದ್ದಾರೆ ಅನ್ನೋದರ ಮೇಲೆ. ‘ಫುಲ್ ಮಾಡಿಫೈಡ್, ರೇಸ್‌ಗೆ ರೆಡಿ’ ಅಂತ ಜಾಹೀರಾತು ಕಂಡರೆ ಆಸೆಯಾಗುತ್ತೆ. ಹಳೇ ಮಾಲೀಕ ಎಂಜಿನ್ ಕಂಪ್ಯೂಟರ್ ಬದಲಿಸಿದ್ದಾನೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆ ಹಾಕಿದ್ದಾನೆ, ಡ್ಯಾಶ್‌ಬೋರ್ಡ್ ಕಿತ್ತು ತೂಕ ಇಳಿಸಿದ್ದಾನೆ ಅಂದುಕೊಳ್ಳಿ. ಇವುಗಳಿಂದ ಸಿಗೋ ಲಾಭ ಚೂರೇ ಚೂರು. ಆದರೆ ಕಾರು ಹೋಗಿ ಬೀಳೋ ಕ್ಲಾಸ್‌ನಲ್ಲಿ ಸ್ಲಿಕ್ (ಗೀರುಗಳೇ ಇಲ್ಲದ ರೇಸ್) ಟೈರ್ ಹಾಕಿದ ಅರ್ಧ ರೇಸ್ ಕಾರುಗಳೇ ಇರುತ್ತವೆ. ಏನೂ ಮಾಡದ, ಮಂಕಾದ ಬಣ್ಣದ, ಹರಿದ ಟಾಪ್‌ನ ಕಾರೇ ಒಳ್ಳೆಯದು. ನನ್ನ ಕ್ಲಾಸ್‌ನಲ್ಲಿ ಚಕ್ರದ ಅಗಲ, ಟೈರು, ಶಾಕ್, ಸ್ಪ್ರಿಂಗ್, ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲೋದನ್ನ ತಡೆಯೋ ಕಬ್ಬಿಣದ ಸರಳು) ಬದಲಿಸಬಹುದು. ಎಂಜಿನ್ ಒಳಗೆ ಕೈ ಹಾಕೋ ಹಾಗಿಲ್ಲ. ನನಗೆ ಅಷ್ಟೇ ಸಾಕು.

ಕಾರಿನ ಹತ್ತಿರ ಹೋದ ಮೇಲೆ ಎಂಜಿನ್ ಸದ್ದು ಕೇಳೋದು ಆಮೇಲೆ. ಮೊದಲು ಮಂಡಿಯೂರಿ ಕೂತು ಬಾಗಿಲ ಕೆಳಗಿನ ಸಿಲ್ ನೋಡಿ, ಹಿಂದಿನ ಚಕ್ರಕ್ಕೆ ಸ್ವಲ್ಪ ಮುಂಚಿನ ಜಾಗ. ಬಟ್ಟೆ ಟಾಪ್ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದಿನ ಎರಡು ಡ್ರೈನ್ ತೂತಿನಿಂದ ಕೆಳಗಿಳಿಯಬೇಕು. ಎಲೆ, ಕಸ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ಸೇರಿ ಒಳಗಿನಿಂದಲೇ ತುಕ್ಕು ತಿನ್ನುತ್ತೆ. ಹೊರಗೆ ಬಣ್ಣ ಗುಳ್ಳೆ ಎದ್ದಿದೆ ಅಂದರೆ ಒಳಗೆ ತಗಡು ಹೋಗಿರುತ್ತೆ. ಬೆರಳಲ್ಲಿ ತಟ್ಟಿದರೆ ಗೊತ್ತಾಗುತ್ತೆ. ಪುಟ್ಟಿ ತುಂಬಿದ ಕಡೆ ಸದ್ದು ಮೊದ್ದಾಗಿರುತ್ತೆ, ಅಯಸ್ಕಾಂತವೂ ಅಂಟೋದಿಲ್ಲ. ಎಂಜಿನ್ ಕೆಟ್ಟಿರೋ ಕಾರನ್ನಾದರೂ ತೆಗೆದುಕೊಳ್ಳಿ, ಸಿಲ್ ಹೋಗಿರೋದನ್ನ ಬೇಡ.

1991ರ ಮಧ್ಯಭಾಗದ ತನಕ ಬಂದ 1.6 ಎಂಜಿನ್‌ಗಳ ಕ್ರ್ಯಾಂಕ್ ಮೂತಿ, ಅಂದರೆ ಪುಲ್ಲಿ ಕೂರೋ ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ತುದಿ, ಗಿಡ್ಡ. ಯಾರೋ ಟೈಮಿಂಗ್ ಬೆಲ್ಟ್ ಬದಲಿಸುವಾಗ ಮುಂದಿನ ಬೋಲ್ಟ್ ಸರಿಯಾಗಿ ಬಿಗಿ ಮಾಡಿಲ್ಲದಿದ್ದರೆ ಒಳಗಿನ ಕೀ ಸಡಿಲವಾಗಿ ಕ್ರ್ಯಾಂಕೇ ಹಾಳಾಗುತ್ತೆ. ಪುಲ್ಲಿಯ ನಡುವೆ ನಾಲ್ಕು ಸೀಳು ಕಂಡರೆ ಹಳೇದು, ಎಂಟಿದ್ದರೆ ಆಮೇಲಿನ ಗಟ್ಟಿ ಕ್ರ್ಯಾಂಕ್. 1992ರದ್ದನ್ನೇ ಹುಡುಕಿದ್ದು ಇದಕ್ಕೇ. ಸಮಾಧಾನದ ವಿಷಯ ಅಂದರೆ, ಬೆಲ್ಟ್ ಓಡುವಾಗಲೇ ತುಂಡಾದರೂ ಈ ಎಂಜಿನ್‌ನಲ್ಲಿ ಪಿಸ್ಟನ್ನು ವಾಲ್ವ್‌ಗೆ ಬಡಿದು ಹಾಳಾಗೋದಿಲ್ಲ. ಎಂಜಿನ್ ಹಿಂಬದಿ ಎಣ್ಣೆ ಜಿನುಗುತ್ತಿದ್ದರೂ ಗಾಬರಿ ಬೇಡ. ಸಿಲಿಂಡರ್ ಹೆಡ್‌ನ (ಎಂಜಿನ್‌ನ ಮೇಲ್ಭಾಗದ) ಹಿಂದುಗಡೆ ಇರೋ ಕ್ಯಾಮ್ ಆಂಗಲ್ ಸೆನ್ಸರ್‌ನ ಉಂಗುರದಂಥ ಪುಟ್ಟ ರಬ್ಬರ್ ಸೀಲ್ ಒಣಗಿರುತ್ತೆ, ಎಷ್ಟೋ ಸಲ ಕಾರಣ ಅಷ್ಟೇ. ಅದನ್ನೇ ‘ಗೇರ್‌ಬಾಕ್ಸ್ ಇಳಿಸಬೇಕು’ ಅಂತ ಹೆದರಿಸೋರು ಇದ್ದಾರೆ.

ಕಾರು ಮನೆಗೆ ಬಂದ ಮೇಲೆ ಮೊದಲ ಕೆಲಸ ಟೈರ್ ಅಲ್ಲ, ರಿಪೇರಿ. ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್, ಬಾಲ್ ಜಾಯಿಂಟ್, ಬುಷ್. ಪ್ಲಾಸ್ಟಿಕ್ ತುದಿಯ ಹಳೇ ರೇಡಿಯೇಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಒಡೆಯೋ ತನಕ ಕಾಯಬೇಡಿ. ಬ್ರೇಕ್‌ಗೆ ಒಳ್ಳೇ ಪ್ಯಾಡ್ ಸಾಕು. ಒಂದು ನಿಮಿಷದ ಓಟಕ್ಕೆ, ಇಷ್ಟು ಹಗುರ ಕಾರಿಗೆ ದೊಡ್ಡ ಬ್ರೇಕ್ ಕಿಟ್ ಸುಮ್ನೆ ಶೋಕಿ.

ಅಲೈನ್‌ಮೆಂಟ್ ಬಗ್ಗೆ ಮಾತ್ರ ಕೂತು ಮಾತಾಡಬೇಕು. ಪ್ರತಿ ಚಕ್ರದ ಕೆಳಗಿನ ಆರ್ಮ್‌ಗೆ ನಡುವಿನಿಂದ ಸರಿದ ತೂತಿನ ವಾಷರ್ ಇರೋ ಎರಡೆರಡು ಬೋಲ್ಟ್, ಒಟ್ಟು ಎಂಟು. ಇವನ್ನ ತಿರುಗಿಸಿಯೇ ಮುಂದೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರೋ ಕೋನ; ಮೇಲ್ತುದಿ ಒಳಕ್ಕಿದ್ದರೆ ನೆಗೆಟಿವ್) ಮತ್ತು ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ), ಹಿಂದೆ ಕ್ಯಾಂಬರ್ ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ತುದಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಹೊಂದಿಸಬೇಕು. ದುಬಾರಿ ಕಿಟ್ ಏನೂ ಬೇಡ, ಕಾರ್ಖಾನೆಯವರೇ ಕೊಟ್ಟ ಸೌಲಭ್ಯ ಇದು. ತೊಂದರೆ ಏನಪ್ಪಾ ಅಂದರೆ, ಮೂವತ್ತು ವರ್ಷದ ತುಕ್ಕಿನಲ್ಲಿ ಬೋಲ್ಟು ಬುಷ್ ಒಳಗಿನ ಕಬ್ಬಿಣದ ಕೊಳವೆಗೆ ಕಚ್ಚಿಕೊಂಡಿರುತ್ತೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ತಿರುಗಿದ ಹಾಗೆ ಕಾಣುತ್ತೆ. ಕೈ ಬಿಟ್ಟ ತಕ್ಷಣ ಮೆಲ್ಲಗೆ ಹಿಂದಕ್ಕೆ ಬರುತ್ತೆ. ಯಾಕಂದರೆ ಬೋಲ್ಟ್ ಜೊತೆ ರಬ್ಬರೂ ತಿರುಚಿಕೊಂಡಿರುತ್ತೆ. ನನ್ನ ಕಾರಿನಲ್ಲಿ ಹಿಂದಿನ ಎರಡು ಬೋಲ್ಟ್ ಹೀಗೇ ಆಡಿದವು. ದಿನಗಟ್ಟಲೆ ತುಕ್ಕು ಬಿಡಿಸೋ ಎಣ್ಣೆ ಕುಡಿಸಿದರೂ ಜಗ್ಗಲಿಲ್ಲ. ಕೊನೆಗೆ ಗರಗಸದಲ್ಲಿ ಕೊಯ್ದು ತೆಗೆದು, ಹೊಸ ಬೋಲ್ಟ್‌ಗೆ ಗ್ರೀಸ್ ಬಳಿದು ಹಾಕಿದ್ದಾಯಿತು. ಕಾರು ಕೊಳ್ಳುವಾಗ ಈ ಎಂಟು ಬೋಲ್ಟ್ ಸಡಿಲವಾಗುತ್ತವಾ ಅಂತ ನೋಡೋಕೆ ಮಾಲೀಕ ಒಪ್ಪಿದರೆ ನಿಮ್ಮ ಅದೃಷ್ಟ.

ಈಗಿನ ಸೆಟ್ಟಿಂಗ್: ಮುಂದೆ ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್, ಹಿಂದೆ ಅದಕ್ಕಿಂತ ಚೂರು ಕಮ್ಮಿ. ಮುಂದೆ ಟೋ ಸೊನ್ನೆ, ಹಿಂದೆ ಒಂಚೂರು ಒಳಕ್ಕೆ. ಅಳೆಯುವಾಗ ಡ್ರೈವರ್ ಸೀಟಿನಲ್ಲಿ ನನ್ನಷ್ಟು ತೂಕ ಇಡಿಸುತ್ತೇನೆ. ಇಷ್ಟು ಹಗುರ ಕಾರಿನಲ್ಲಿ ಅದರಿಂದ ಲೆಕ್ಕ ನಿಜಕ್ಕೂ ಬದಲಾಗುತ್ತೆ. ದಿನನಿತ್ಯ ಓಡಿಸಿದರೂ ಟೈರ್ ಒಳ ಅಂಚು ಬೇಗ ಸವೆದಿಲ್ಲ. ಟೈರ್ ತಿನ್ನೋದು ಹೆಚ್ಚಾಗಿ ತಪ್ಪು ಟೋ, ಕ್ಯಾಂಬರ್‌ಗೆ ಸುಮ್ನೆ ಕೆಟ್ಟ ಹೆಸರು.

ಟೈರ್‌ಗೆ ಬರೋಣ. ಕಾರಿಗೆ ಬಂದದ್ದು 14 ಇಂಚಿನ ಚಕ್ರ, 185 ಅಗಲದ ಟೈರ್. ನಾನು 15 ಇಂಚಿನ, 7 ಇಂಚು ಅಗಲದ ಚಕ್ರ ಹಾಕಿ 205/50 ಟೈರ್ ಹಾಕಿದ್ದೇನೆ. ನಾಲ್ಕು ನಟ್, 100 ಮಿ.ಮೀ. ಅಳತೆ ಎಷ್ಟೋ ಸಣ್ಣ ಕಾರುಗಳದ್ದೂ ಇದೇ ಆದ್ದರಿಂದ ಸೆಕೆಂಡ್ ಹ್ಯಾಂಡ್ ಚಕ್ರ ಸುಲಭವಾಗಿ ಸಿಗುತ್ತೆ. ನಮ್ಮ ನಿಯಮದಲ್ಲಿ ಟ್ರೆಡ್‌ವೇರ್ ಸಂಖ್ಯೆ (ಟೈರ್ ಎಷ್ಟು ನಿಧಾನ ಸವೆಯುತ್ತೆ ಅನ್ನೋ ಅಂದಾಜು) 200ಕ್ಕಿಂತ ಕೆಳಗಿರಬಾರದು. ಟೈರ್ ಪಕ್ಕದಲ್ಲೇ ಆ ಸಂಖ್ಯೆ ಅಚ್ಚಾಗಿರುತ್ತೆ. ಆದರೆ ಅದನ್ನ ಕೊಡೋರು ತಯಾರಕರೇ. ಹಾಗಾಗಿ ಎರಡು ಕಂಪನಿಯ 200 ಒಂದೇ ಅಲ್ಲ. ಸಾಮಾನ್ಯ ರಸ್ತೆ ಟೈರ್‌ನಿಂದ ಈ ಥರದ ಟೈರ್‌ಗೆ ಬಂದಾಗ ಸಿಕ್ಕ ಸಮಯದ ಲಾಭ, ಬೇರೆಲ್ಲ ಬದಲಾವಣೆ ಸೇರಿಸಿದರೂ ಸಿಕ್ಕಿಲ್ಲ. ಗಾಳಿ 30 ಪಿಎಸ್‌ಐನಿಂದ ಶುರು ಮಾಡಿ. ಟೈರ್ ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಒಂದು ರನ್ ಹೋಗಿ ಬನ್ನಿ. ಗೆರೆ ಪಕ್ಕದ ಗೋಡೆ ತನಕ ಅಳಿಸಿಹೋಗಿದ್ದರೆ ಟೈರ್ ಮಗುಚಿಕೊಳ್ಳುತ್ತಿದೆ, ಗಾಳಿ ಹೆಚ್ಚಿಸಿ. ಅಂಚಿನ ಮೇಲೇ ಉಳಿದಿದ್ದರೆ ಗಾಳಿ ಜಾಸ್ತಿಯಾಗಿದೆ.

ಶಾಕ್ ವಿಷಯದಲ್ಲಿ ಒಂದು ತಕರಾರು. ಎತ್ತರ ಹೊಂದಿಸಬಹುದಾದ ಅಗ್ಗದ ಕಾಯಿಲ್‌ಓವರ್ (ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗೆ ಇರೋ) ಸೆಟ್ ಒಂದನ್ನ ಕೊಂಡಿದ್ದೆ. ಹೆಸರು ಬೇಡ. ಎರಡನೇ ಸೀಸನ್ ಮುಗಿಯೋದರೊಳಗೆ ಹಿಂದಿನ ಒಂದು ಶಾಕ್‌ನಿಂದ ಎಣ್ಣೆ ಇಳಿಯೋಕೆ ಶುರುವಾಯಿತು. ಶಾಕ್ ಒಳಗಿನ ಬಿಡಿ ಕಾರ್ಟ್ರಿಜ್ ಕೇಳಿದರೆ ‘ಆ ಮಾಡೆಲ್ ನಿಂತುಹೋಗಿದೆ’ ಅಂತ ಉತ್ತರ. ಈಗ ಬಿಲ್‌ಸ್ಟೀನ್ ಕಂಪನಿಯ ಶಾಕ್, ಸ್ವಲ್ಪವೇ ತಗ್ಗಿದ ಸ್ಪ್ರಿಂಗ್. ಮಿಯಾಟಾದಲ್ಲಿ ಸಸ್ಪೆನ್ಷನ್ ಕುಗ್ಗೋಕೆ ಮೊದಲೇ ಜಾಗ ಕಮ್ಮಿ. ತೀರಾ ತಗ್ಗಿಸಿದರೆ ತಿರುವಿನ ಮಧ್ಯೆ ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಕುಗ್ಗೋದನ್ನ ಕೊನೆಗೆ ತಡೆಯೋ ಮೆತ್ತೆಗೆ) ತಾಗಿ ಗ್ರಿಪ್ ಇದ್ದಕ್ಕಿದ್ದ ಹಾಗೆ ಹೋಗುತ್ತೆ. ನೋಡೋಕೆ ಚೆಂದ, ಓಡಿಸೋಕೆ ಹಿಂಸೆ.

ದಪ್ಪನೆಯ ಮುಂದಿನ ಆಂಟಿ ರೋಲ್ ಬಾರ್ ಕಡಿಮೆ ದುಡ್ಡಿಗೆ ದೊಡ್ಡ ಕೆಲಸ ಮಾಡಿದೆ. ತಿರುವಿನಲ್ಲಿ ಕಾರು ವಾಲೋದು ಕಮ್ಮಿಯಾಗುತ್ತೆ, ಒಳಬದಿಯ ಹಿಂದಿನ ಚಕ್ರ ನೆಲ ಬಿಡೋದಿಲ್ಲ. ನನ್ನ ಕಾರಿನಲ್ಲಿ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ತಿರುಗೋದನ್ನ ತಡೆಯೋ ಡಿಫರೆನ್ಷಿಯಲ್) ಇಲ್ಲ. ಹಾಗಾಗಿ ಆ ಚಕ್ರ ಸುಮ್ನೆ ಗಿರಗಿರ ತಿರುಗದೆ ಕಾರನ್ನ ಮುಂದೆ ತಳ್ಳೋದು ಮುಖ್ಯ. 1994ರ ಮಾಡೆಲ್‌ನಿಂದ ಬಂದ 1.8 ಕಾರುಗಳ ಡಿಫರೆನ್ಷಿಯಲ್ ಇದಕ್ಕಿಂತ ದೊಡ್ಡದು, ಗಟ್ಟಿ. ಕೆಲವದರಲ್ಲಿ ಟಾರ್ಸೆನ್ ಅನ್ನೋ ಲಿಮಿಟೆಡ್ ಸ್ಲಿಪ್ ಕೂಡ ಇದೆ. ತೂಕ ಸ್ವಲ್ಪ ಜಾಸ್ತಿ ಅನ್ನೋದು ಬಿಟ್ಟರೆ, ಎರಡೂ ಒಂದೇ ಬೆಲೆಗೆ ಸಿಕ್ಕರೆ 1.8 ತಗೊಳ್ಳಿ ಅಂತಲೇ ಹೇಳ್ತೀನಿ.

ಓಡಿಸೋಕೆ ಹೇಗಿದೆ? ಸ್ಲಾಲಮ್ ತಗೊಳ್ಳಿ, ಅಂದರೆ ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಎಡಕ್ಕೆ ಬಲಕ್ಕೆ ನುಸುಳೋದು. ಕೋನ್ ಪಕ್ಕಕ್ಕೆ ಬಂದ ಮೇಲೆ ಸ್ಟೀರಿಂಗ್ ತಿರುಗಿಸಿದರೆ ಆಗಲೇ ತಡ. ಕೋನ್ ದಾಟುವಾಗ ಕಾರು ಮುಂದಿನ ಕೋನ್ ಕಡೆ ತಿರುಗಿರಬೇಕು. ಮಿಯಾಟಾದಲ್ಲಿ ಆಕ್ಸಿಲರೇಟರ್ ಒಂದು ಉಸಿರಿನಷ್ಟು ಸಡಿಲಿಸಿದರೆ ಮೂತಿ ತಾನೇ ಒಳಗೆ ಬರುತ್ತೆ, ಮತ್ತೆ ಒತ್ತಿದರೆ ಹಿಂಬದಿ ಕೂತುಕೊಳ್ಳುತ್ತೆ. ಆ ಲಯ ಸಿಕ್ಕಿತು ಅಂದರೆ ಪಾದದಲ್ಲೇ ಸ್ಟೀರಿಂಗ್ ಮಾಡಬಹುದು. ಆದರೆ ಕೊನೇ ಕೋನ್ ಹತ್ತಿರ ಹೆದರಿ ಕಾಲು ಪೂರ್ತಿ ತೆಗೆದರೆ ಹಿಂದುಗಡೆ ಬೀಸಿಬಿಡುತ್ತೆ. ಹೊಸಬರ ಸ್ಪಿನ್ ಬಹಳಷ್ಟು ಅಲ್ಲೇ ಆಗೋದು. ಮುನ್ಸೂಚನೆ ಮಾತ್ರ ಸೀಟಿನಲ್ಲೇ, ಸೊಂಟದ ಹತ್ತಿರ, ಚೆನ್ನಾಗಿ ತಿಳಿಯುತ್ತೆ. ಎಲೆಕ್ಟ್ರಾನಿಕ್ ಸಹಾಯ ಏನೂ ಇಲ್ಲ, ಏನಾಗ್ತಿದೆ ಅನ್ನೋದನ್ನ ಮುಚ್ಚಿಡೋ ಯಂತ್ರವೂ ಇಲ್ಲ.

ಬೇಸರದ ವಿಷಯಗಳೂ ಇವೆ. ಎತ್ತರದವರಿಗೆ ಈ ಕಾರು ಕಷ್ಟ. ಹೆಲ್ಮೆಟ್ ಹಾಕಿಕೊಂಡು, ಟಾಪ್ ಮುಚ್ಚಿ ಕೂತು ನೋಡದೆ ಕೊಳ್ಳಬೇಡಿ. ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಪಾಡೋ ಸೀಟಿನ ಹಿಂದಿನ ಕಬ್ಬಿಣದ ಕಮಾನು) ಬಗ್ಗೆ ನಿಮ್ಮ ಕ್ಲಬ್ ಏನು ಹೇಳುತ್ತೆ ಅಂತ ಕೇಳಿ. ಕಡ್ಡಾಯ ಅಲ್ಲದಿದ್ದರೂ ನಾನು ಹಾಕಿಸಿದ್ದೇನೆ, ತೆರೆದ ಕಾರು ಅಲ್ವಾ. ಹೆಲ್ಮೆಟ್‌ಗೆ ಸ್ನೆಲ್ ಅನ್ನೋ ಸುರಕ್ಷತಾ ಸಂಸ್ಥೆಯ ಗುರುತು ಕೇಳೋರು ಜಾಸ್ತಿ, ಆ ಗುರುತಿನ ವರ್ಷವೂ ಲೆಕ್ಕಕ್ಕೆ ಬರುತ್ತೆ. ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸೋ ಭಾಗ) ಆಗಾಗ ಸೋರುತ್ತೆ. ಅದು ಗೇರ್‌ಬಾಕ್ಸ್‌ನ ಹೊರಗಡೆಯೇ ಇರೋದರಿಂದ ಬದಲಿಸೋದು ಮಾತ್ರ ಸಲೀಸು.

ಡಿಕ್ಕಿ ಚಿಕ್ಕದು, ಅದರಲ್ಲೂ ಬ್ಯಾಟರಿ ಅಲ್ಲೇ ಕೂತಿದೆ. ಸ್ಪರ್ಧೆಗೆ ಬೇರೆ ಟೈರ್ ಸೆಟ್ ಇಟ್ಟುಕೊಳ್ಳೋಣ ಅಂದರೆ ನಾಲ್ಕು ಚಕ್ರ ಹಿಡಿಸೋ ಜಾಗವೇ ಇಲ್ಲ. ಪುಟಾಣಿ ಟ್ರೇಲರ್ ಎಳೆದುಕೊಂಡು ಬರೋ ಮಿಯಾಟಾಗಳನ್ನ ನೋಡಿದ್ದೇನೆ. ನಾನು ಒಂದೇ ಸೆಟ್‌ನಲ್ಲಿ ಆಫೀಸಿಗೂ ಹೋಗ್ತೀನಿ, ಸ್ಪರ್ಧೆಗೂ ಹೋಗ್ತೀನಿ. ಜೋರು ಮಳೆಯಲ್ಲಿ ಹುಷಾರಾಗಿರಬೇಕು. ಮನೆಯಲ್ಲಿ ಇದೊಂದೇ ಕಾರು, ಮಕ್ಕಳನ್ನೂ ಕೂರಿಸಬೇಕು ಅನ್ನೋರು ಫೋರ್ಡ್ ಫಿಯೆಸ್ಟಾ ಎಸ್‌ಟಿ ಥರದ ಹ್ಯಾಚ್‌ಬ್ಯಾಕ್ ನೋಡೋದು ವಾಸಿ. ಮುಂದಿನ ಚಕ್ರ ಎಳೆಯೋ ಕಾರೇ ಆದರೂ ಕೋನ್‌ಗಳ ನಡುವೆ ಚುರುಕಾಗಿದೆ, ಹಿಂದಿನ ಸೀಟು ಮಡಚಿದರೆ ನಾಲ್ಕು ಚಕ್ರ, ಜಾಕ್, ಟೂಲ್ ಬಾಕ್ಸ್ ಎಲ್ಲ ಹಿಡಿಸುತ್ತೆ.