ದೋಣಿಯ ಶಾಫ್ಟಿಗೆ ಗುಜರಿ ಗನ್‌ಮೆಟಲ್, ನೈಲಾನ್, ರೆಡಿಮೇಡ್ ರಬ್ಬರ್: ಮೂರೂ ಹಾಕಿ ನೋಡಿದ್ದು

ಗುಜರಿಯಿಂದ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ತುಂಡು ತಂದು ಲೇತಿನಲ್ಲಿ ಕಡೆಸಿದ ಬುಷ್‌ಗೇ ನನ್ನ ಓಟು. ಬುಷ್ ಎಂದರೆ ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಹೋಗುವ ಶಾಫ್ಟ್ ಒಳಗೆ ತಿರುಗುವ ಕೊಳವೆ, ಇದನ್ನು ದೋಣಿಯ ಹಿಂದಿನ ಪೈಪಿನೊಳಗೆ ಕೂರಿಸುತ್ತಾರೆ. ನಮ್ಮದು ತುಂಗಭದ್ರಾ ಹಿನ್ನೀರಿನ ಕೊಪ್ಪಳ ಕಡೆ ದಂಡೆಯ ಫೈಬರ್ ದೋಣಿ, ಸಣ್ಣ ಡೀಸೆಲ್ ಎಂಜಿನ್. ಹರಿಗೋಲಿನವರಿಗೆ ಈ ರಗಳೆ ಇಲ್ಲ. ಶಾಫ್ಟೂ ಇಲ್ಲ, ಬುಷ್ಷೂ ಇಲ್ಲ, ನಮ್ಮನ್ನು ನೋಡಿ ನಗುವುದೊಂದೇ ಕೆಲಸ.

ಬುಷ್ ತಿನ್ನುವುದು ಹೂಳು. 1953ರಲ್ಲಿ ನೀರು ತುಂಬಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ ಎಂದರೆ ತಳದಲ್ಲಿ ಏನು ಕೂತಿದೆ ಲೆಕ್ಕ ಹಾಕಿ. ನೀರು ಇಳಿದಾಗ ಪ್ರೊಪೆಲ್ಲರ್ ಅದನ್ನೇ ಕಲಕಿ ಬುಷ್ಷಿನೊಳಗೆ ತಳ್ಳುತ್ತದೆ.

ನೈಲಾನ್ ಅಗ್ಗ, ಗ್ರೀಸಿನ ಹಂಗಿಲ್ಲ, ಲೇತಿಗೆ ಕೊಟ್ಟರೆ ಬೆಣ್ಣೆಯಂತೆ ಕಡೆಯುತ್ತದೆ. ಶಾಫ್ಟ್ ಕೈಯಲ್ಲಿ ತಿರುಗಿಸಿದರೆ ಸದ್ದೇ ಇಲ್ಲ. ಆದರೆ ನೈಲಾನ್ ನೀರು ಕುಡಿಯುತ್ತದೆ, ಕುಡಿದು ಊದುತ್ತದೆ. ಹೊರಗೆ ಪೈಪು ಬಿಗಿಯಾಗಿ ಹಿಡಿದಿರುವುದರಿಂದ ಊದಿದ್ದೆಲ್ಲ ಒಳಕ್ಕೇ ಬಂದು ತೂತು ಸಣ್ಣದಾಗುತ್ತದೆ. ಶಾಫ್ಟ್ ಹಿಡಿಯಿತು, ಎಂಜಿನ್ ಮುಕ್ಕಿರಿಯಿತು, ಉಜ್ಜಿ ಬಿಸಿಯಾಗಿ ಬುಷ್ ಇನ್ನಷ್ಟು ಬಿಗಿಯಿತು. ನಡುನೀರಲ್ಲಿ ಎಂಜಿನ್ ಬಂದ್, ಹುಟ್ಟೇ ಗತಿ.

ಕಡೆದುಕೊಟ್ಟ ಮಿಸ್ತ್ರಿಯ ಕೈ ರೈಸ್‌ಮಿಲ್ಲಿನ ಕೆಲಸಕ್ಕೆ ಪಳಗಿದ್ದು. ಅಲ್ಲಿ ಒಣ ಜಾಗ, ಬಿಗಿ ಕೂರಿಸಿದರೂ ನಡೆಯುತ್ತದೆ. ಅದನ್ನೇ ಇಲ್ಲೂ ಮಾಡಿದ್ದ. ಬಿಚ್ಚಿ ಒಯ್ದರೆ, "ನೀರಾಗ ಇರೂದು ಅಂತ ಮೊದಲೇ ಹೇಳಬೇಕಿಲ್ಲೇನ್ರಿ ಅಣ್ಣಾ" ಅಂದ. ದೋಣಿ ಮತ್ತೆಲ್ಲಿ ಇರುತ್ತದೋ! ಎರಡನೇ ಸಲ ನೈಲಾನ್ ರಾಡನ್ನು ಕುದಿಯುವ ನೀರಲ್ಲಿ ಚೆನ್ನಾಗಿ ನೆನೆಸಿ, ಗ್ಯಾಪು ಹೆಚ್ಚು ಬಿಟ್ಟು ಕಡೆಸಿದೆ. ಹಿಡಿಯುವುದು ನಿಂತಿತು, ಆ ಗ್ಯಾಪಿನಲ್ಲಿ ಮರಳು ಹೊಕ್ಕಿತು. ಮೆತ್ತನೆ ನೈಲಾನಿನಲ್ಲಿ ಚುಚ್ಚಿಕೊಂಡ ಮರಳು ಸ್ಟೇನ್‌ಲೆಸ್ ಶಾಫ್ಟಿಗೇ ಗೆರೆ ಎಳೆಯುತ್ತದೆ. ಅಗ್ಗದ ಬುಷ್ ಉಳಿಸಲು ದುಬಾರಿ ಶಾಫ್ಟ್ ಸವೆಸಿದಂತಾಯಿತು.

ಹಿತ್ತಾಳೆ ಕವಚದ ರಬ್ಬರ್ ಬುಷ್ ನಿಜಕ್ಕೂ ಒಳ್ಳೆಯ ವಸ್ತು. ಒಳಗಿನ ಕಾಲುವೆಗಳಲ್ಲಿ ನೀರು ಹರಿದು ಹೂಳನ್ನು ಹೊರಗೆ ಹಾಕುತ್ತದೆ. ಹೊಸ ಶಾಫ್ಟ್ ಇದ್ದವರು ಅದನ್ನೇ ಹಾಕಿಸಿ. ನನ್ನದು ಸವೆದು ಒಂದಿಂಚಿಗಿಂತ ಸಣ್ಣದಾದ ಶಾಫ್ಟ್. ರೆಡಿಮೇಡ್ ಒಂದಿಂಚಿನ ಬುಷ್ಷಿನಲ್ಲಿ ಲೊಡಲೊಡ ಅನ್ನುತ್ತದೆ.

ಗನ್‌ಮೆಟಲ್ ಗೆಲ್ಲುವುದು ಇಲ್ಲಿಯೇ. ಶಾಫ್ಟ್ ಈಗ ಎಷ್ಟಿದೆಯೋ ಅಷ್ಟಕ್ಕೇ ತೂತು ಕಡೆಸಬಹುದು. ಒಳಗೆ ಗ್ರೀಸ್ ಹರಿಯಲು ಒಂದು ಕಾಲುವೆ ಹೊಡೆಸಿ, ದಿನಾ ಗ್ರೀಸ್ ಕಪ್ (ಗ್ರೀಸ್ ತುಂಬಿದ ತಿರುಪಿನ ಬಟ್ಟಲು) ತಿರುವಿದರೆ ಗ್ರೀಸು ಹೊರಕ್ಕೆ ಬರುತ್ತಾ ಮರಳನ್ನು ತಡೆಯುತ್ತದೆ. ಸವೆದರೂ ಮೊದಲು ಸವೆಯುವುದು ಬುಷ್ಷೇ. ತುಂಡು ಕೊಳ್ಳುವಾಗ ಅರ ಹಾಕಿ ನೋಡಿ: ಕೆಂಪು ಛಾಯೆ ಇದ್ದರೆ ಗನ್‌ಮೆಟಲ್, ಬರೀ ಹಳದಿ ಹೊಳೆದರೆ ಹಿತ್ತಾಳೆ. ಅಸಲಿ ಗನ್‌ಮೆಟಲ್‌ನಲ್ಲಿ ನೂರಕ್ಕೆ 88 ತಾಮ್ರ, 10 ತವರ, 2 ಸತು. ಹಿತ್ತಾಳೆಯಲ್ಲಿ ಸತು ಜಾಸ್ತಿ. ನೀರಲ್ಲಿ ಅದು ಬಿಟ್ಟುಹೋಗಿ ಲೋಹ ಪುಡಿಯಾಗುತ್ತದೆ.



ದಿನಾ ಗ್ರೀಸ್ ಹಾಕುವ ಅಭ್ಯಾಸ ಇಲ್ಲದವರು ದುಡ್ಡು ಕೂಡಿಸಿ ಹೊಸ ಶಾಫ್ಟು, ರಬ್ಬರ್ ಬುಷ್ ಎರಡನ್ನೂ ತರಲಿ. ಗನ್‌ಮೆಟಲ್ ಕಡೆಸುವವರು ಸುಗ್ಗಿಗೆ ಮೊದಲೇ ಹೋಗಿ. ಭತ್ತದ ಸುಗ್ಗಿ ಶುರುವಾದರೆ ಗಂಗಾವತಿಯ ಲೇತುಗಳಲ್ಲಿ ರೈಸ್‌ಮಿಲ್ಲಿನ ಕೆಲಸ ಬಿಟ್ಟು ನಿಮ್ಮ ಬುಷ್ ಯಾರೂ ಮುಟ್ಟುವುದಿಲ್ಲ.