ಮಲೆನಾಡಿನ ಕರೆಂಟಿಗೆ ವ್ಯಾನ್ ಸಿಕ್ಕಿಸಿ ಮೂರು ವರ್ಷ: ವೋಲ್ಟೇಜ್ ಪ್ರೊಟೆಕ್ಟರ್ ಹೇಗಿದೆ?

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಒಳಗೆ ಎರಡು ಮಂಚ, 200 ಎಎಚ್ ಲಿಥಿಯಂ ಬ್ಯಾಟರಿ, ಅದಕ್ಕೊಂದು ಚಾರ್ಜರ್, ಇಂಡಕ್ಷನ್ ಒಲೆ, ಪುಟ್ಟ ಫ್ರಿಜ್. ಮನೆ ಚಿಕ್ಕಮಗಳೂರಿನಲ್ಲಿ. ತಿರುಗಾಟವೆಲ್ಲ ಮೂಡಿಗೆರೆ, ಕಳಸ, ಬಾಳೆಹೊನ್ನೂರು, ಆ ಕಡೆ ಸಕಲೇಶಪುರ. ಹೋಮ್‌ಸ್ಟೇ ಅಂಗಳದಲ್ಲಿ ವ್ಯಾನ್ ನಿಲ್ಲಿಸುತ್ತೇವೆ. ಅವರ ಗೀಸರ್ ಪ್ಲಗ್‌ನಿಂದಲೋ ಪಂಪ್ ಮನೆಯಿಂದಲೋ ವೈರ್ ಎಳೆದುಕೊಳ್ಳುತ್ತೇವೆ. ಆ ಪ್ಲಗ್ ಹಿಂದೆ ಏನಿದೆ ಎನ್ನುವುದು ಮಾತ್ರ ದೇವರಿಗೇ ಗೊತ್ತು.

2022ರ ಜುಲೈ, ಮೂಡಿಗೆರೆ ಹತ್ತಿರ. ಧೋ ಎಂದು ಮಳೆ. ಒದ್ದೆ ಬಟ್ಟೆ ಒಣಗಲಿ ಎಂದು ಟೇಬಲ್ ಫ್ಯಾನ್ ಹಾಕಿ ಮಲಗಿದ್ದೆವು. ರಾತ್ರಿ ಹತ್ತರ ಸುಮಾರಿಗೆ ಫ್ಯಾನ್ ಇದ್ದಕ್ಕಿದ್ದಂತೆ ಕಿರುಚಿಕೊಂಡು ತಿರುಗತೊಡಗಿತು. ಎದ್ದು ಕೂರುವಷ್ಟರಲ್ಲಿ ಸುಟ್ಟ ವಾಸನೆ. ಪ್ಲಗ್‌ಗಳನ್ನು ಸಿಕ್ಕಿಸುವ ಸ್ಪೈಕ್ ಗಾರ್ಡ್ ಬೋರ್ಡ್ ಕರಗಿತ್ತು, ಬ್ಯಾಟರಿ ಚಾರ್ಜರ್ ಸತ್ತಿತ್ತು. ಹದಿನಾರು ಸಾವಿರ ಹೋಯಿತು.

ಬೆಳಿಗ್ಗೆ ಬಂದ ಲೈನ್‌ಮನ್ ಒಂದೇ ಮಾತಿನಲ್ಲಿ ಹೇಳಿದರು: "ನ್ಯೂಟ್ರಲ್ ಹೋಗಿದೆ ಸಾರ್." ಸಿಲ್ವರ್ ಓಕ್ ಕೊಂಬೆ ಬಿದ್ದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಹರಿದಿತ್ತು. ಕರೆಂಟ್ ತರುವ ತಂತಿಗಳಿಗೆ ಫೇಸ್ ಎನ್ನುತ್ತಾರೆ. ಎರಡು ಫೇಸ್‌ಗಳ ನಡುವೆ 415 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಇದ್ದರೆ ಪ್ರತಿ ಫೇಸ್‌ಗೂ 230 ಸಿಗುತ್ತದೆ. ಅದು ಕಡಿದರೆ ಬೇರೆ ಬೇರೆ ಫೇಸ್‌ನಲ್ಲಿರುವ ಸಾಮಾನುಗಳು ಒಂದರ ಹಿಂದೆ ಒಂದು ಪೋಣಿಸಿದಂತಾಗಿ ಆ 415 ಅನ್ನು ಹಂಚಿಕೊಳ್ಳುತ್ತವೆ. ದೊಡ್ಡ ಲೋಡ್ ಇರುವ ಕಡೆ ವೋಲ್ಟೇಜ್ ಬೀಳುತ್ತದೆ, ಸಣ್ಣ ಲೋಡ್ ಇರುವ ಕಡೆ ಏರುತ್ತದೆ. ಅವರ ಗೀಸರ್ ಒಂದು ಫೇಸ್‌ನಲ್ಲಿ, ನಮ್ಮ ಬಡಪಾಯಿ ಫ್ಯಾನ್ ಇನ್ನೊಂದರಲ್ಲಿ. ಏಟು ಯಾರಿಗೆ ಬಿತ್ತು ಗೊತ್ತಾಯ್ತಲ್ಲ. ಸ್ಪೈಕ್ ಗಾರ್ಡ್ ಇರುವುದು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಬಂದು ಹೋಗುವ ವೋಲ್ಟೇಜ್ ಏಟಿಗೆ. ನಿಮಿಷಗಟ್ಟಲೆ ನಿಲ್ಲುವ 340 ವೋಲ್ಟ್ ಎದುರು ಅದೇ ಮೊದಲು ಸುಡುತ್ತದೆ.

ಮುಂದಿನ ತಿಂಗಳು ಹಾಕಿಸಿದ್ದೇ ಈ ಪ್ರೊಟೆಕ್ಟರ್. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಪಕ್ಕ ಕೂರುವ ಪುಟ್ಟ ಡಬ್ಬಿ. ಮುಖದ ಮೇಲೆ ವೋಲ್ಟ್, ಆಂಪ್ ತೋರಿಸುತ್ತದೆ. ಮಿತಿ ದಾಟಿದರೆ ಟಕ್ ಎಂದು ಲೈನ್ ಕಡಿಯುತ್ತದೆ, ಸರಿಹೋದ ಮೇಲೆ ತಾನೇ ಜೋಡಿಸುತ್ತದೆ. ನನಗೆ 1,400 ರೂಪಾಯಿ ಬಿತ್ತು. ಇದೇ ಅಚ್ಚಿನ ಡಬ್ಬಿ ಹತ್ತಾರು ಹೆಸರಲ್ಲಿ ಸಿಗುತ್ತದೆ, ಹಾಗಾಗಿ ಹೆಸರು ಬರೆಯುತ್ತಿಲ್ಲ.

ಕಂಪನಿಯಿಂದ ಬಂದ ಸೆಟ್ಟಿಂಗ್ ಹಾಗೇ ಬಿಡಬೇಡಿ. ನಾನು ಮೇಲಿನ ಮಿತಿ 260 ವೋಲ್ಟ್, ಕೆಳಗಿನದು 185 ಇಟ್ಟಿದ್ದೇನೆ. ನನ್ನ ಚಾರ್ಜರ್‌ಗೆ ಅಷ್ಟು ಸಾಕು. ಮತ್ತೆ ಜೋಡಿಸುವ ಮೊದಲು ಕಾಯುವ ಸಮಯ ಮೊದಲು 30 ಸೆಕೆಂಡ್ ಇತ್ತು. ರಾತ್ರಿಯಿಡೀ ಟಕ್, ಟಕ್. ಮನೆಯವಳು "ಇದನ್ನ ಕಿತ್ತು ಎಸೀತೀರೋ, ನಾನೇ ಎಸೀಲೋ" ಅಂದಳು. 180 ಸೆಕೆಂಡಿಗೆ ಏರಿಸಿದ ಮೇಲೆ ಮನೆಯಲ್ಲಿ ಶಾಂತಿ.

ವೋಲ್ಟೇಜ್ ಏರುವುದು ಅಪರೂಪ. ಮೂರು ವರ್ಷದಲ್ಲಿ ನಾಲ್ಕು ಸಲ ಕಂಡೆ. ಅದರಲ್ಲೊಂದು ಜನರೇಟರ್‌ನದು, ಹೋಮ್‌ಸ್ಟೇಯ ದೊಡ್ಡ ಲೋಡ್ ಒಮ್ಮೆಲೇ ಆಫ್ ಆದಾಗ. ಜಾಸ್ತಿ ಕಾಡುವುದು ಕಡಿಮೆ ವೋಲ್ಟೇಜ್. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಕೊಡುವ ಕಾಲ. ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರುಗಳು ಒಟ್ಟಿಗೆ ಓಡುತ್ತವೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಸ್ತಾಗುತ್ತದೆ. ಸಕಲೇಶಪುರದ ಹತ್ತಿರ ಒಮ್ಮೆ ಡಬ್ಬಿ 158 ತೋರಿಸಿ ಕಡಿಯಿತು. ಮನೆ ಯಜಮಾನರು ಬಂದು, "ಏನ್ ಸಾರ್, ನಿಮ್ ಗಾಡೀಲಿ ಮಾತ್ರ ಕರೆಂಟ್ ಇಲ್ವಾ? ನಮ್ಮನೇಲಿ ಇದ್ಯಲ್ಲ!" ಎಂದರು. ಅವರದು ಎಲ್ಲಾ ಎಲ್‌ಇಡಿ ಬಲ್ಬು, 158ಕ್ಕೂ ಚೆನ್ನಾಗೇ ಉರಿಯುತ್ತವೆ. ಹಳೇ ಬಲ್ಬಿನ ಕಾಲದಲ್ಲಿ ಕೆಂಪಗೆ ಮಿಣುಕಿದರೆ ಸಾಕಿತ್ತು, ಎಲ್ಲರಿಗೂ ತಿಳಿಯುತ್ತಿತ್ತು. ವೋಲ್ಟೇಜ್ ಬಿದ್ದ ದಿನ ನಾವು ಸೋಲಾರ್‌ನಲ್ಲೇ ಕಾಲ ಹಾಕುತ್ತೇವೆ.

ಇನ್ನು ದೂರು. ಮೇಲೆ 63 ಆಂಪ್ ಎಂದು ಬರೆದಿದೆ, ನಾನು ನಂಬುವುದಿಲ್ಲ. ನಮ್ಮ ಲೋಡ್ 16 ದಾಟುವುದೇ ಇಲ್ಲ, ಆದರೂ 2024ರಲ್ಲಿ ಒಂದು ಟರ್ಮಿನಲ್ ಕಪ್ಪಾಗಿ ಸುಟ್ಟಿತ್ತು. ಅರ್ಧ ತಪ್ಪು ನನ್ನದು. ಮನೆ ಗೋಡೆಯ ಡಬ್ಬಿಗೆ ಚಾರ್ಮಾಡಿ ಘಾಟಿಯ ಕುಲುಕಾಟ ಗೊತ್ತಿಲ್ಲ, ವ್ಯಾನ್‌ನಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಈಗ ಆರು ತಿಂಗಳಿಗೊಮ್ಮೆ ಎಲ್ಲಾ ಸ್ಕ್ರೂ ಬಿಗಿ ಮಾಡುತ್ತೇನೆ. ಮಳೆಗಾಲದ ತೇವಕ್ಕೆ ಡಿಸ್‌ಪ್ಲೇ ಕೂಡ ಮಬ್ಬಾಗಿದೆ.

ಅದಕ್ಕಿಂತ ದೊಡ್ಡ ಕೊರತೆ ಬೇರೆ. ನನ್ನ ಡಬ್ಬಿ ಒಂದೇ ತಂತಿ ಕಡಿಯುತ್ತದೆ. ಸಾಕೆಟ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಡಬ್ಬಿ ಕಡಿದ ಮೇಲೂ ವ್ಯಾನ್ ಒಳಗೆ ಕರೆಂಟ್ ಉಳಿದಿರುತ್ತದೆ. ಹಾಗಾಗಿ ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ. ಸಾಕೆಟ್ ಕಡೆ ಮುಖ ಮಾಡಿ ನಿಂತರೆ, ಅರ್ಥ್ ಪಿನ್ ಮೇಲಿದ್ದಾಗ ಬಲಗಡೆಯದು ಫೇಸ್. ಅಲ್ಲಿಂದ ಅರ್ಥ್‌ಗೆ 230ರ ಆಸುಪಾಸು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಬರಬೇಕು. ಎಷ್ಟೋ ಕಡೆ ಮೂರನೇ ಪಿನ್ ಸುಮ್ನೆ ಅಲಂಕಾರಕ್ಕೆ, ಹಿಂದೆ ವೈರೇ ಇರುವುದಿಲ್ಲ. ಅಂಥಲ್ಲಿ ನಾನು ಪ್ಲಗ್ ಹಾಕುವುದೇ ಇಲ್ಲ. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ವ್ಯಾನ್‌ನಲ್ಲಿದೆ. ಆದರೆ ಅರ್ಥ್ ಇಲ್ಲದ ಕಡೆ ಗಾಡಿಯ ಮೈಗೆ ಕರೆಂಟ್ ಬಂದರೆ, ಯಾರಾದರೂ ಮುಟ್ಟುವವರೆಗೂ ಅದು ಟ್ರಿಪ್ ಆಗದೇ ಇರಬಹುದು.

ಸಿಡಿಲಿಗೆಂದು ಪ್ರೊಟೆಕ್ಟರ್‌ನ ನಂತರ ಒಂದು ಎಸ್‌ಪಿಡಿ (ವೋಲ್ಟೇಜ್‌ನ ಕ್ಷಣದ ಏಟನ್ನು ಅರ್ಥ್‌ಗೆ ಹರಿಸುವ ಸಾಧನ) ಹಾಕಿಸಿದ್ದೇನೆ. ಅದರ ಪುಟ್ಟ ಕಿಟಕಿ ಹಸಿರಿದ್ದರೆ ಸರಿ, ಕೆಂಪಾದರೆ ಕಾರ್ಟ್ರಿಜ್ ಬದಲಿಸಬೇಕು. ಕಳೆದ ಮೇನಲ್ಲಿ ಕಳಸದಲ್ಲಿ ಗುಡುಗಿನ ಸಂಜೆಯ ಮರುದಿನ ನೋಡಿದರೆ ಕೆಂಪಾಗಿತ್ತು. ಚಾರ್ಜರ್ ಉಳಿದಿತ್ತು. ಇದರಿಂದ ಉಳಿಯಿತೋ, ನಮ್ಮ ಅದೃಷ್ಟವೋ, ಹೇಳಲಾರೆ. ಹತ್ತಿರದಲ್ಲಿ ಗುಡುಗಿದರೆ ಈಗ ಪ್ಲಗ್ಗೇ ಕಿತ್ತು ಬಿಡುತ್ತೇನೆ. ಅದಕ್ಕೆ ಖರ್ಚೂ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ಸಲ ಎರಡೂ ತಂತಿ ಕಡಿಯುವುದನ್ನೇ ತರುವೆ. ಹಳೇದು ಪಂಪ್ ಮನೆಗೆ ಬೇಕು ಎಂದು ಸಕಲೇಶಪುರದ ಆ ಯಜಮಾನರು ಈಗಲೇ ಹೇಳಿಟ್ಟಿದ್ದಾರೆ. ಅದು ಸಿಂಗಲ್ ಫೇಸ್‌ನದು, ನಿಮ್ಮ ತ್ರೀ ಫೇಸ್ ಮೋಟಾರಿಗೆ ಆಗಲ್ಲ ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ.