ರಿಮೋಟ್ ಹ್ಯಾಂಡಲ್ ಗಟ್ಟಿಯಾದರೆ ಕಾರ್ಬೋರೇಟರ್‌ಗೆ ಕೈ ಹಾಕಬೇಡಿ

ದೋಣಿಯ ಹಿಂಬದಿಗೆ ಕೂರಿಸುವ ಹಳೇ ಔಟ್‌ಬೋರ್ಡ್ ಇಂಜಿನ್ ಇಟ್ಟುಕೊಂಡವರು, ಈಗ ತೆಗೆದುಕೊಳ್ಳಲು ಹೊರಟವರು ಇದನ್ನೊಮ್ಮೆ ಓದಿ. ನಮ್ಮ ದೋಣಿಯ ಮೂತಿ ಒಡೆಯಿತು, ಭಾವನ ಎರಡು ಬೆರಳಿನ ಉಗುರು ಹೋಯಿತು. ಬೇಡದ ರಿಪೇರಿಗೆ ಕೊಟ್ಟ ದುಡ್ಡು ಬೇರೆ. ಎಲ್ಲದಕ್ಕೂ ಕಾರಣ ಒಂದು ಕೇಬಲ್.

ನಮ್ಮದು ಗಂಗೊಳ್ಳಿ ಕಡೆ ಹೊಳೆ ಬದಿಯ ಮನೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಎಲ್ಲ ಬಂದು ಸೇರುವ ಜಾಗ. ನಡುನಡುವೆ ಕುದ್ರುಗಳು, ಅಂದರೆ ಹೊಳೆ ನಡುವಿನ ನಡುಗಡ್ಡೆಗಳು. ಅಂಥದ್ದೊಂದು ಕುದ್ರುವಿನಲ್ಲಿ ಭಾವನ ತೆಂಗಿನ ತೋಟ ಇದೆ. ಹೋಗಿ ಬರಲು ಅಂತ ಇಬ್ಬರೂ ಸೇರಿ ಹಳೇ ಫೈಬರ್ ದೋಣಿ ತೆಗೆದುಕೊಂಡೆವು. 40 ಎಚ್‌ಪಿ, ಟೂ ಸ್ಟ್ರೋಕ್ ಇಂಜಿನ್. ಇಲ್ಲಿನ ನಾಡದೋಣಿಗಳಲ್ಲಿ ಹಿಂದೆ ಕೂತು ಇಂಜಿನ್ನಿನ ಹಿಡಿಯನ್ನೇ ತಿರುಗಿಸುತ್ತಾರೆ. ನಮ್ಮದಕ್ಕೆ ಮುಂದೆ ಸ್ಟೇರಿಂಗ್, ಬಲಗೈ ಪಕ್ಕ ರಿಮೋಟ್ ಬಾಕ್ಸ್. ಕಾರು ಓಡಿಸಿದ ಹಾಗೆ ಅಂತ ನನಗೆ ಭಾರೀ ಖುಷಿ.

ರಿಮೋಟ್ ಅಂದರೆ ಟೀವಿ ರಿಮೋಟ್ ಥರ ಅಲ್ಲ. ಒಂದು ಹ್ಯಾಂಡಲ್, ಅದರಿಂದ ಇಂಜಿನ್ನಿಗೆ ಎರಡು ಕೇಬಲ್. ಹ್ಯಾಂಡಲ್ ನೆಟ್ಟಗೆ ನಿಂತರೆ ನ್ಯೂಟ್ರಲ್. ಮುಂದೆ ತಳ್ಳಿದರೆ ಮೊದಲು ಗೇರ್ ಬೀಳುತ್ತದೆ, ಆಮೇಲೆ ರೇಸ್ ಏರುತ್ತದೆ. ಹಿಂದಕ್ಕೆಳೆದರೆ ರಿವರ್ಸ್, ಅದೂ ಹಾಗೇ. ಸೈಕಲ್ ಬ್ರೇಕ್ ವಯರ್ ಬರೀ ಎಳೆಯುತ್ತದೆ, ವಾಪಸ್ ತರುವ ಕೆಲಸ ಸ್ಪ್ರಿಂಗಿನದು. ಇಲ್ಲಿ ಎಳೆಯುವುದೂ ಅದೇ ತಂತಿ, ತಳ್ಳುವುದೂ ಅದೇ. ಒಳಗೆ ತಂತಿ ಹಿಡಿದುಕೊಂಡರೆ ರೇಸ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ.

ಹ್ಯಾಂಡಲ್ ತಂದ ದಿನದಿಂದಲೇ ಗಟ್ಟಿ ಇತ್ತು. ಮಾರಿದವರನ್ನು ಕೇಳಿದರೆ, "ಹಳೇ ಇಂಜಿನ್ ಮಾರಾಯ್ರೆ, ಅದ್ ಹಂಗೇ ಇಪ್ಪುದ್" ಅಂದರು. ನಾನೂ ನಂಬಿದೆ. ಮಳೆಗಾಲದಲ್ಲಿ ಮೂರು ತಿಂಗಳು ದೋಣಿ ಟಾರ್ಪಲ್ ಕೆಳಗೆ ಮಲಗಿತ್ತು. ಸೆಪ್ಟೆಂಬರ್‌ನಲ್ಲಿ ಇಳಿಸಿದಾಗ ಎರಡು ಕೈ ಹಾಕಿ ತಳ್ಳುವಷ್ಟು ಗಟ್ಟಿ. ಜೊತೆಗೆ ಇನ್ನೊಂದು ಕಾಟ. ನ್ಯೂಟ್ರಲ್‌ಗೆ ತಂದರೂ ಇಂಜಿನ್ ಒಮ್ಮೊಮ್ಮೆ ಜೋರಾಗಿಯೇ ಕೂಗುತ್ತಿತ್ತು.

ಒಬ್ಬ ಮೆಕ್ಯಾನಿಕ್ ಬಂದ. ಕಾರ್ಬೋರೇಟರ್ ಕೆಟ್ಟಿದೆ ಅಂದ. ಕಿಟ್ ಹಾಕಿದ, ಪ್ಲಗ್ ಬದಲಿಸಿದ, 6,500 ರೂಪಾಯಿ ತಗೊಂಡ. ರೇಸ್ ಇಳಿಯುವುದಿಲ್ಲ ಅಂತ ಐಡ್ಲಿಂಗ್ ಸ್ಕ್ರೂ (ರೇಸ್ ಕೊಡದಿದ್ದಾಗ ಇಂಜಿನ್ ಎಷ್ಟು ವೇಗದಲ್ಲಿ ಓಡಬೇಕು ಅಂತ ಹೊಂದಿಸುವುದು) ಬೇರೆ ಇಳಿಸಿ ಹೋದ. ಮರುದಿನದಿಂದ ಹೊಸ ಕತೆ. ಒಂದು ದಿನ ನ್ಯೂಟ್ರಲ್‌ನಲ್ಲಿ ಕೂಗುತ್ತದೆ, ಇನ್ನೊಂದು ದಿನ ನ್ಯೂಟ್ರಲ್‌ಗೆ ಬಂದ ಕೂಡಲೇ ಬಂದ್ ಬೀಳುತ್ತದೆ. ಈಗ ಯೋಚಿಸಿದರೆ ಅಲ್ಲೇ ಉತ್ತರ ಇತ್ತು. ಸ್ಕ್ರೂ ಒಂದೇ ಕಡೆ ಇದೆ, ಐಡ್ಲಿಂಗ್ ಮಾತ್ರ ದಿನಕ್ಕೊಂದು ಥರ ಅಂದರೆ ಕೇಬಲ್ ದಿನಕ್ಕೊಂದು ಕಡೆ ನಿಲ್ಲುತ್ತಿದೆ ಅಂತ ಅರ್ಥ ಅಲ್ವಾ?

ಒಂದು ಮಧ್ಯಾಹ್ನ ಕಾಯಿ ತುಂಬಿಕೊಂಡು ವಾಪಸ್ ಬರುತ್ತಿದ್ದೆವು. ನೀರು ಇಳಿತ. ಧಕ್ಕೆ (ದೋಣಿ ನಿಲ್ಲಿಸುವ ಕಟ್ಟೆ) ಹತ್ತಿರ ಬಂತು ಅಂತ ಹ್ಯಾಂಡಲ್ ಹಿಂದಕ್ಕೆಳೆದೆ. ಬರಲಿಲ್ಲ. ಎದ್ದು ನಿಂತು ಜಗ್ಗಿದೆ. ಹಿಂದೆ ಎಲ್ಲೋ 'ಪಟ್' ಅಂತು, ಹ್ಯಾಂಡಲ್ ಸಡಿಲಾಗಿ ನ್ಯೂಟ್ರಲ್‌ಗೆ ಬಂದುಬಿಟ್ಟಿತು. ಗೇರ್ ಬಿಟ್ಟಿತು, ರೇಸ್ ಇಳಿಯಲಿಲ್ಲ. ಲೋಡ್ ಇಲ್ಲದ ಇಂಜಿನ್ ಕಿರುಚಲು ಶುರು. ನಾನು ಗಾಬರಿಯಲ್ಲಿ ರಿವರ್ಸ್‌ಗೆ ಎಳೆದೆ. ಆ ರೇಸ್‌ನಲ್ಲಿ ರಿವರ್ಸ್ ಹಾಕಬಾರದು. ಕಡಕಡ ಅಂತ ಕಬ್ಬಿಣ ಕಡಿದ ಸದ್ದು ಬಂತೇ ಹೊರತು ಗೇರ್ ಕೂರಲಿಲ್ಲ.

"ಬಂದ್ ಮಾಡಿ ಭಾವಾ, ಬಂದ್ ಮಾಡಿ!" ಅಂತ ಕೂಗುತ್ತ ಭಾವ ಕೆಂಪು ಹಗ್ಗ ಎಳೆದ. ಬಾಕ್ಸಿನ ಸ್ವಿಚ್ಚಿಗೆ ಸುರುಳಿ ಹಗ್ಗ ಇರುತ್ತದಲ್ಲ, ಎಳೆದರೆ ಕ್ಲಿಪ್ ಬಿಟ್ಟು ಇಂಜಿನ್ ನಿಲ್ಲಬೇಕಾದ್ದು, ಅದು. ಹಗ್ಗ ತುಂಡಾಗಿ ಅವನ ಕೈಗೆ ಬಂತು, ಇಂಜಿನ್ ನಿಲ್ಲಲಿಲ್ಲ. ಕ್ಲಿಪ್ ಪದೇ ಪದೇ ಬಿಡುವುದು ಬೇಡ ಅಂತ ಯಾರೋ ಪುಣ್ಯಾತ್ಮರು ಅದನ್ನು ತಾಮ್ರದ ತಂತಿಯಿಂದ ಸ್ವಿಚ್ಚಿಗೇ ಬಿಗಿದಿದ್ದರು! ನಾನು ಕೀ ತಿರುಗಿಸುವ ಹೊತ್ತಿಗೆ ದೋಣಿ ಕಲ್ಲಿಗೆ ಹೊಡೆದಾಗಿತ್ತು. ಭಾವನ ಎಡಗೈ ಅಂಚಿನ ಮೇಲಿತ್ತು.

ಧಕ್ಕೆಯಲ್ಲಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ ಆಮೇಲೆ ನೋಡಿದರು. ಸ್ಪ್ಯಾನರ್ ಕೂಡ ಮುಟ್ಟಲಿಲ್ಲ. ಇಂಜಿನ್ನಿನ ಮುಚ್ಚಳ ತೆಗೆದು, ರೇಸ್ ಕೇಬಲ್ ತುದಿಯ ಪಿನ್ ಕಳಚಿ, ಥ್ರಾಟಲ್ ಲಿವರನ್ನು ಬೆರಳಲ್ಲಿ ತಳ್ಳಿ ಬಿಟ್ಟರು. ಟಕ್ ಅಂತ ಅದರ ಜಾಗಕ್ಕೆ ವಾಪಸ್ ಬಂತು. "ಇಂಜಿನ್ ಸರಿ ಇತ್ತ್" ಅಂದರು. ಎರಡು ನಿಮಿಷದ ಕೆಲಸ. ಇದನ್ನು ಮೊದಲೇ ಮಾಡಿದ್ದರೆ ಕಾರ್ಬೋರೇಟರ್ ಬಿಚ್ಚುವ ಮಾತೇ ಇರಲಿಲ್ಲ.

ಎರಡು ಕೇಬಲ್‌ನಲ್ಲಿ ಯಾವುದು ಹಿಡಿಯುತ್ತಿದೆ ಅಂತ ನೋಡಲೂ ದಾರಿ ಇದೆ. ಇಂಜಿನ್ ಬಂದ್ ಇರಲಿ. ಹ್ಯಾಂಡಲ್ ಬುಡದಲ್ಲಿ ಗೇರ್ ಇಲ್ಲದೆ ರೇಸ್ ಕೊಡಲು ಒಂದು ಬಟನ್ ಇರುತ್ತದೆ. ಅದನ್ನು ಒತ್ತಿ ತಳ್ಳಿ. ಆಗಲೂ ಗಟ್ಟಿ ಇದ್ದರೆ ರೇಸ್ ಕೇಬಲ್ ಅಥವಾ ಬಾಕ್ಸ್. ಒತ್ತಿದಾಗ ಹಗುರ, ಒತ್ತದಿದ್ದಾಗ ಗಟ್ಟಿ ಅಂದರೆ ಗೇರ್ ಕಡೆ ನೋಡಿ. ಬಾಕ್ಸ್‌ನಲ್ಲಿ ಹ್ಯಾಂಡಲ್ ಬಿಗಿ ಮಾಡುವ ಸ್ಕ್ರೂ ಒಂದಿರುತ್ತದೆ, ಅದು ಎಷ್ಟು ಬಿಗಿ ಇದೆ ಅಂತಲೂ ನೋಡಿಕೊಳ್ಳಿ. ನಮ್ಮದರಲ್ಲಿ ಅದನ್ನು ಪೂರ್ತಿ ಬಿಗಿದಿದ್ದರು. ಹಾಗಾಗಿ ಗಟ್ಟಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ.

ಹಳೇ ಕೇಬಲನ್ನು ಬ್ಲೇಡಿನಲ್ಲಿ ಸೀಳಿ ನೋಡಿದೆ. ಬಾಕ್ಸಿನ ಕಡೆ ತಂತಿ ಹೊಸದರ ಹಾಗೆ ಹೊಳೆಯುತ್ತಿತ್ತು. ಇಂಜಿನ್ ಕಡೆ ಒಂದು ಗೇಣಿನಷ್ಟು ಮಾತ್ರ, ಒದ್ದೆ ಇಟ್ಟಿಗೆ ಪುಡಿ ತುಂಬಿದ ಹಾಗೆ ತುಕ್ಕು. ಹೊರಗಿನ ಪ್ಲಾಸ್ಟಿಕ್ ಅಲ್ಲೇ ಸೀಳಿತ್ತು. ನಾನು ಜಗ್ಗಿದಾಗ ತಂತಿ ಆ ಸೀಳಿನಿಂದ ಬಿಲ್ಲಿನ ಹಾಗೆ ಬಾಗಿ ಹೊರಗೆ ಬಂದಿತ್ತು. ಯಾರೋ ಕೇಬಲನ್ನು ಪೆಟ್ರೋಲ್ ಪೈಪಿಗೆ ಸೇರಿಸಿ ಪ್ಲಾಸ್ಟಿಕ್ ಟ್ಯಾಗಿನಲ್ಲಿ ಬಿಗಿದು ಕಟ್ಟಿದ್ದರು. ನೋಡಲು ಚೆಂದ. ಕುದ್ರು ಹತ್ತಿರ ನೀರು ಕಮ್ಮಿ, ದಿನಾ ಇಂಜಿನ್ ಎತ್ತಬೇಕು. ಎತ್ತಿದಾಗಲೆಲ್ಲ ಕೇಬಲ್ ಅದೇ ಜಾಗದಲ್ಲಿ ಮಡಚಿ ಬಿರುಕು ಬಿಟ್ಟಿದೆ, ಉಪ್ಪು ನೀರು ಒಳಗೆ ಹೋಗಿದೆ. ನಾನು ನಡುವೆ ಎಣ್ಣೆ ಬಿಟ್ಟು ನೋಡಿದ್ದೆ. ಎರಡು ದಿನ ನಯ, ಮೂರನೇ ದಿನ ಮತ್ತದೇ.

ಹೊಸದು ಹಾಕುವಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಕೇಬಲ್ ತುದಿ ಕಂಪನಿಗೊಂದು ಥರ, ಹಳೆಯದನ್ನು ಅಂಗಡಿಗೆ ಹಿಡಿದುಕೊಂಡೇ ಹೋಗಿ. ತುದಿಯ ಜಾಯಿಂಟ್ ಥ್ರೆಡ್ ಮೇಲೆ ಕಡೇಪಕ್ಷ 8 ಮಿಲಿಮೀಟರ್ ಕೂತಿರಬೇಕು. ಕಮ್ಮಿ ಇದ್ದರೆ ಓಡುವಾಗಲೇ ಕಳಚಿಕೊಳ್ಳಬಹುದು. ಟ್ಯಾಗ್ ಕಟ್ಟುವ ಮೊದಲು ಇಂಜಿನ್ ಪೂರ್ತಿ ಎತ್ತಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಕೇಬಲ್ ಎಲ್ಲೂ ಜಗ್ಗದೆ ದೊಡ್ಡ ಸುತ್ತಿನಲ್ಲಿ ಬಾಗುತ್ತದಾ ನೋಡಿ. ಐಡ್ಲಿಂಗ್ ಸ್ಕ್ರೂ ಮುಟ್ಟುವುದು ಇದೆಲ್ಲ ಆದ ಮೇಲೆ.

ಗೇರ್ ಬಾಕ್ಸ್ ಬಿಚ್ಚಿದಾಗ ಕ್ಲಚ್ಚಿನ ಹಲ್ಲುಗಳ ಮೂಲೆ ಸವೆದು ದುಂಡಗಾಗಿತ್ತು. ಅದರ ಖರ್ಚು ಬೇರೆ. ತಾಮ್ರದ ತಂತಿ ಕಿತ್ತು, ಹೊಸ ಕೆಂಪು ಹಗ್ಗ ತಂದಿದ್ದೇನೆ. ದೋಣಿ ಹತ್ತಿದ ಕೂಡಲೇ ಭಾವ ಅದನ್ನು ನನ್ನ ಪ್ಯಾಂಟಿನ ಲೂಪಿಗೆ ತಾನೇ ಸಿಕ್ಕಿಸುತ್ತಾನೆ. ಹೊರಡುವ ಮುಂಚೆ ಒಂದು ಸಲ ಎಳೆದು, ಇಂಜಿನ್ ನಿಂತದ್ದು ನೋಡಿಯೇ ಕೂರುತ್ತಾನೆ.